ಕಚ್ಚುವ ಪೆಟ್ಟಿಗೆ

"ಮನೆ ಬಿಟ್ಟೆ, ನಂಟು ಬಿಟ್ಟೆ, ತಲೆಯೊಳಗಿನ ಗದ್ದಲ ನಿಂತಿತು," ಎಂದ ಶಿಷ್ಯ. "ತಂಗಿ ತಿಂಗಳಿಗೊಮ್ಮೆ ಬಂದು ಮಠದ ಬಾಗಿಲಲ್ಲಿ ಕೂತು ಹೋಗುತ್ತಾಳೆ. ಒಳಗಿಂದಲೇ ನೋಡುತ್ತೇನೆ. ಮನಸ್ಸು ಅಲುಗುವುದೇ ಇಲ್ಲ. ಇದನ್ನು ಶಾಂತಿ ಎನ್ನಬಹುದೇ, ಗುರುಗಳೇ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಹೆಂಗಸು ದಾರಿ ತಪ್ಪಿ, ಮೂರು ರಸ್ತೆ ಕೂಡುವಲ್ಲಿ ನಿಂತಿದ್ದಳು. ಟಾಕೀಸುಗಳ ಸೌಂಡ್ ರಿಪೇರಿ ಅವಳ ಕಸುಬು. ಕೊಲಂಬೊದಿಂದ ಮಸ್ಕತ್‌ವರೆಗೆ ಸುತ್ತಿ ಬಂದವಳು. ಇಷ್ಟು ಸುತ್ತಿದವರಿಗೆ ದಾರಿ ಗೊತ್ತಿರುತ್ತದೆ ಎಂಬುದು ಮನೆಯಲ್ಲಿ ಕೂತವರ ನಂಬಿಕೆ. ಅವಳಿಗೆ ಗೊತ್ತಿದ್ದುದು ಕೇಳುವುದು ಮಾತ್ರ.

ಕಡಲೆಕಾಯಿ ಹುರಿಯುತ್ತಿದ್ದ ಮುದುಕಿಯನ್ನು ಕೇಳಿದಳು. "ಅಮ್ಮಾ, ಇಲ್ಲೊಂದು ಟಾಕೀಸಿತ್ತಲ್ಲ?"

"ಇತ್ತೇನು, ಇದೆ. ಅದಕ್ಕೇ ಬೆನ್ನು ಹಾಕಿ ನಿಂತಿದೀಯಲ್ಲೇ ತಾಯಿ! ನೀರಿನ ಟ್ಯಾಂಕು ದಾಟಿ ಎಡಕ್ಕೆ ಹೋಗು."

"ಆಪರೇಟರು ಹಳಬರೇ ಇದ್ದಾರಾ?"

"ಇದ್ದಾನೆ, ಗೂಬೆ ಇದ್ದ ಹಾಗೆ. ಯಾರನ್ನೂ ಹತ್ತಿರ ಸೇರಿಸಲ್ಲ."

ಇದ್ದಾನೆ ಎಂಬ ಒಂದು ಮಾತಿಗೆ ಅವಳು ಹಿಡಿದಿದ್ದ ಉಸಿರು ಸಡಿಲಾಯಿತು.

ಹನ್ನೊಂದು ವರ್ಷದ ಹಿಂದೆ ಆ ಟಾಕೀಸಿನಲ್ಲಿ ಗುಂಯ್ ಎಂಬ ಸದ್ದು ಸೇರಿಕೊಂಡಿತ್ತು. ತೆರೆಯ ಮೇಲೆ ಮಾತು ನಿಂತಾಗಲೆಲ್ಲ ಅದು ಮಾತು ಶುರುವಿಟ್ಟುಕೊಳ್ಳುತ್ತಿತ್ತು. ಜನ ಸಿಳ್ಳೆ ಹಾಕಿ ಎದ್ದು ಹೋಗುತ್ತಿದ್ದರು. ಬೇರೆ ರಿಪೇರಿಯವರು ಎರಡು ದಿನ ಬೇಕೆಂದಿದ್ದರು. ಇವಳು ಕಾಫಿ ಆರುವುದರೊಳಗೆ ಅಡಗಿಸಿದಳು. ಸದ್ದಿನ ಮೂಲ ಹುಡುಕಲಿಲ್ಲ. ಆಂಪ್ಲಿಫೈಯರ್ ಪೆಟ್ಟಿಗೆಯಿಂದ ನೆಲಕ್ಕೆ ಇಳಿಯುವ ಅರ್ಥಿಂಗ್ ತಂತಿಯನ್ನು ಕತ್ತರಿಸಿದಳು, ಅಷ್ಟೇ. ಹೊಗಳಿಕೆ ಕಟ್ಟಿಕೊಂಡು ಬಸ್ಸು ಹತ್ತಿದಳು. ಅದೇ ಉಪಾಯ ನಾಲ್ಕು ಊರಲ್ಲಿ ನಡೆಯಿತು.

ಆ ತಂತಿ ಇರುವುದು ಸದ್ದಿಗಲ್ಲ, ಜೀವಕ್ಕೆ. ಪೆಟ್ಟಿಗೆಯ ಮೈಗೆ ತಪ್ಪಿ ಬಂದ ಕರೆಂಟನ್ನು ಅದು ಮಣ್ಣಿಗೆ ಇಳಿಸುತ್ತದೆ. ಅದಿಲ್ಲವಾದರೆ ಕರೆಂಟು ಮುಟ್ಟಿದವರ ಮೈಯೊಳಗೆ ಇಳಿಯುತ್ತದೆ. ಅವಳಿಗೆ ಇದು ಗೊತ್ತಿರಲಿಲ್ಲ ಎಂದಲ್ಲ. ಗೊತ್ತಿತ್ತು, ಬಸ್ಸಿನ ಹೊತ್ತೂ ಆಗಿತ್ತು. ಆಮೇಲೆ ಬೇರೊಂದು ಊರಲ್ಲಿ, ಇನ್ಯಾರೋ ಹೀಗೆಯೇ ಕತ್ತರಿಸಿಟ್ಟ ಪೆಟ್ಟಿಗೆಯ ಮುಂದೆ, ಒದ್ದೆ ಕೈಯವನೊಬ್ಬ ಬಿದ್ದವನು ಏಳಲಿಲ್ಲ. ಅದನ್ನು ಕಣ್ಣಾರೆ ಕಂಡ ಮೇಲೆ ತನ್ನ ನಾಲ್ಕು ಊರುಗಳಿಗೆ ಒಂದೊಂದಾಗಿ ಮರಳತೊಡಗಿದಳು. ಇದು ಕೊನೆಯದು.

ಆಪರೇಟರು ಮೆಷಿನ್ ರೂಮಿನಲ್ಲಿ ಮರದ ಹಲಗೆಯ ಮೇಲೆ ನಿಂತಿದ್ದ. ಕಾಲಲ್ಲಿ ರಬ್ಬರ್ ಚಪ್ಪಲಿ. ಗುರುತು ಹಿಡಿದು ಮುಖ ಅರಳಿಸಿದ.

"ಬನ್ನಿ ಅಕ್ಕಾ. ಅಯ್ಯೋ, ಅಲ್ಲೇ ನಿಲ್ಲಿ! ಪೆಟ್ಟಿಗೆ ಮುಟ್ಟಬೇಡಿ, ಕಚ್ಚುತ್ತೆ."

"ಯಾವಾಗಿನಿಂದ?"

"ನೀವು ಹೋದ ಮೇಲೆ. ಒಳ್ಳೇ ಎತ್ತಿಗೂ ಒಂದು ಕೆಟ್ಟ ಸುಳಿ ಇರುತ್ತಲ್ಲ, ಹೊಂದಿಕೊಂಡೆ. ನಮ್ಮವಳು ಬುತ್ತಿ ತಂದು ಇಲ್ಲೇ ನನ್ನ ಜೊತೆ ಕೂತು ಉಣ್ಣೋಳು. ಒಂದಿನ ಅವಳನ್ನ ಎತ್ತಿ ಒಗೆದುಬಿಡ್ತು. ಇನ್ನು ಬರಬೇಡ ಅಂದೆ. ಈಗ ಬುತ್ತೀನ ಕೆಳಗಿನ ಮೆಟ್ಟಿಲ ಮೇಲಿಟ್ಟು ಹೋಗ್ತಾಳೆ." ಅವನು ನಕ್ಕ. "ಆದರೆ ಸದ್ದು ಇಲ್ಲ ನೋಡಿ! ಊರವರ ಮುಂದೆಲ್ಲ ನಿಮ್ಮ ಹೆಸರೇ ಹೇಳೋದು."

ಆ ಹೊಗಳಿಕೆಯನ್ನು ಎಲ್ಲಿ ಇಳಿಸುವುದೆಂದು ಅವಳಿಗೆ ತಿಳಿಯಲಿಲ್ಲ. ತಾನು ಮಾಡಿದ್ದನ್ನು ಮುಚ್ಚಿಡದೆ ಹೇಳಿದಳು. ಅವನು ಬೈಯಲಿಲ್ಲ. ಮೆಟ್ಟಿಲ ಕಡೆ ಒಮ್ಮೆ ನೋಡಿ, ಮೇನ್ ಸ್ವಿಚ್ಚು ತೋರಿಸಿದ.

ಅವಳು ಕರೆಂಟು ತೆಗೆದು, ತಂತಿ ಕೂಡಿಸಿ, ಮತ್ತೆ ಹಾಕಿದಳು. ಗುಂಯ್ ಎಂಬ ಸದ್ದು, ಎಲ್ಲಿಗೂ ಹೋಗದೆ ಅಲ್ಲೇ ಕಾದಿದ್ದಂತೆ, ಮರಳಿ ಬಂತು.

ಆಪರೇಟರು ಕೆಳಗೆ ಹೋಗಿ ಖಾಲಿ ಕುರ್ಚಿಗಳ ನಡುವೆ ಒಬ್ಬನೇ ಕೂತ. ಅವಳು ಮೇಲೆ ಒಂದೊಂದೇ ತಂತಿ ಬಿಚ್ಚುತ್ತಾ ಬಂದಳು. ಪ್ರತಿ ಸಲ ಅವನು ಕೂಗಿದ, "ಇದೆ!" ಮತ್ತೊಂದು ಬಿಚ್ಚಿದಳು. "ಇದೆ!" ಕೊನೆಗೆ ತೆರೆಯ ಹಿಂದಕ್ಕೆ ಹೋಗುವ ತಂತಿ ಬಿಚ್ಚಿದಾಗ "ಹೋಯ್ತು!" ಎಂದ.

ತೆರೆಯ ಹಿಂದೆ ಇನ್ನೊಂದು ಆಂಪ್ಲಿಫೈಯರ್ ಇತ್ತು. ಮಾಲೀಕ ಅದಕ್ಕೆಂದೇ ಹಿತ್ತಲಲ್ಲಿ ಬೇರೆ ಅರ್ಥಿಂಗ್ ಗುಂಡಿ ತೋಡಿಸಿದ್ದ. ಒಂದೇ ತಂತಿಯಲ್ಲಿ ಮಾತಾಡುವ ಎರಡು ಪೆಟ್ಟಿಗೆಗಳು ಎರಡು ಕಡೆ ಮಣ್ಣು ಹಿಡಿದಿದ್ದವು. ಆ ಎರಡು ಮಣ್ಣಿನ ನಡುವೆ ಸುತ್ತುತ್ತಿದ್ದುದೇ ಆ ಸದ್ದು. ಅವಳು ದಪ್ಪ ತಂತಿ ಎಳೆದು ಎರಡನ್ನೂ ಒಂದೇ ಗುಂಡಿಗೆ ತಂದಳು. ಇದ್ದಿಲು, ಉಪ್ಪು ತುಂಬಿ ನೀರು ಹೊಯ್ದಳು. ಬೇರೆಯವರು ಅಂದು ಹೇಳಿದ್ದ ಎರಡು ದಿನವೇ ಹಿಡಿಯಿತು.

ಮೂರನೆಯ ದಿನ ಮಧ್ಯಾಹ್ನ ಅವಳು ಪೆಟ್ಟಿಗೆಯ ಮೇಲೆ ಬರಿಗೈ ಊರಿ ನಿಂತಳು. ಸದ್ದೂ ಇಲ್ಲ, ಕಚ್ಚುವುದೂ ಇಲ್ಲ. ಆಪರೇಟರು ಮೊದಲು ಬೆರಳ ಹಿಂಬದಿಯಿಂದ ಸವರಿದ, ಆಮೇಲೆ ಅಂಗೈ ಇಟ್ಟ. ಚಪ್ಪಲಿ ಬಿಟ್ಟು ಹಲಗೆಯಿಂದ ಇಳಿದ. ಕೆಳಗಿನ ಮೆಟ್ಟಿಲ ಮೇಲೆ ಹೋಗಿ ಬುತ್ತಿಗಾಗಿ ಕಾದು ಕೂತ. ಸ್ವಲ್ಪ ಹೊತ್ತಿಗೆ ಎರಡು ಜೋಡಿ ಹೆಜ್ಜೆಗಳು ಮೇಲೆ ಬಂದವು.

"ಅಕ್ಕಾ, ಎಷ್ಟು ಕೊಡಲಿ?" ಎಂದು ಕೇಳಿದ.

"ಕೊಡಬೇಕಾಗಿದ್ದವಳು ನಾನು. ಕೊಟ್ಟೆ," ಎಂದಳು. ಗಂಡ ಹೆಂಡಿರಿಬ್ಬರೂ ಊಟಕ್ಕೆ ಕರೆದರು. ಬುತ್ತಿ ಇಬ್ಬರಿಗೇ ಆಗುವಷ್ಟಿತ್ತು. ಅವಳು ಇಳಿದು ಹೋಗಿ, ಮೂರು ರಸ್ತೆ ಕೂಡುವಲ್ಲಿ ನಿಂತು, ಮತ್ತೆ ಯಾರನ್ನೋ ದಾರಿ ಕೇಳಿದಳು.

ಗುರುಗಳು ಕತೆ ನಿಲ್ಲಿಸಿದರು. ಬಾಗಿಲಲ್ಲಿ ಯಾರೋ ಬಂದು ಕೂತ ಸಪ್ಪಳವಾಯಿತು. ಶಿಷ್ಯ ತಿರುಗಲಿಲ್ಲ.

"ನಿನ್ನ ಸದ್ದು ನಿಂತಿದೆ, ಒಪ್ಪಿದೆ; ಈಗ ನಿನ್ನ ತಂಗಿ ನಿನ್ನನ್ನು ಮುಟ್ಟಬಹುದೋ?" ಎಂದರು ಗುರುಗಳು.