ಮಡಕೆ ದಾಟಿಸುವ ಕರಾರು

ಹೊಳೆಯ ದಡದ ಆಶ್ರಮದಲ್ಲಿ ಒಬ್ಬ ಗುರುಗಳಿದ್ದರು. ಅವರು ಬರೆದುಕೊಟ್ಟ ಕರಾರು ಮುರಿದುಬಿದ್ದದ್ದನ್ನು ಆ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ.

ಅವರ ಶಿಷ್ಯ ಸುಧನ್ವನಿಗೆ ಅದು ಮೊದಲ ಕರಾರು. ಕುಂಬಾರರ ಹೊನ್ನಮ್ಮ ಬೇಸಿಗೆಯಿಡೀ ಸುಟ್ಟ ಮಡಕೆಗಳನ್ನು ಅಂಬಿಗ ಮಾದಯ್ಯ ಆಚೆ ದಡದ ಸಂತೆಗೆ ದಾಟಿಸಬೇಕಿತ್ತು. ಹೊಳೆ ಏರತೊಡಗಿತ್ತು. ತಡವಾದರೆ ದೋಣಿ ನಿಲ್ಲುತ್ತದೆ. ಬೇಸಿಗೆಯ ದುಡಿಮೆಯೆಲ್ಲ ಈ ದಡದಲ್ಲೇ ಉಳಿಯುತ್ತದೆ.

ಸುಧನ್ವ ಇಬ್ಬರಿಗೂ ಬೇರೆ ಬೇರೆ ಪ್ರಶ್ನಾವಳಿ ಮಾಡಿದ್ದ. ಅವರವರ ಮನೆಗೇ ಹೋಗಿ, ಕೇಳಿ, ಉತ್ತರ ಬರೆದುಕೊಂಡು, ಅದರ ಮೇಲೆ ಕರಾರು ಬರೆದಿದ್ದ.

“ಗುರುಗಳೇ, ಕೇಳದೆ ಬಿಟ್ಟದ್ದು ಏನೂ ಇಲ್ಲ. ಒಂದು ಸಾಲೂ ಖಾಲಿಯಿಲ್ಲ.”

“ಇಬ್ಬರನ್ನೂ ಕೂರಿಸಿ ಓದು.”

ಸುಧನ್ವ ಇಬ್ಬರನ್ನೂ ದಡದಲ್ಲಿ, ಪೇರಿಸಿಟ್ಟ ಮಡಕೆಗಳ ಪಕ್ಕ ಕೂರಿಸಿ ಕರಾರು ಓದಿದ. “ಸುಳಿಗೆ ಸಿಕ್ಕರೆ ಅಂಬಿಗನು ಮಡಕೆಗಳನ್ನು ನೀರಿಗೆ ಎಸೆಯಬಹುದು” ಎಂಬಲ್ಲಿಗೆ ಬಂದಾಗ ಹೊನ್ನಮ್ಮ ಎದ್ದು ನಿಂತಳು.

“ಎಸೆಯೋದಾ? ಯಾರನ್ನ ಕೇಳಿ?”

“ಮತ್ತೇನು, ನಾನು ಹಾರಿಕೊಳ್ಳಲಾ?” ಎಂದ ಮಾದಯ್ಯ. “ದೋಣಿ ಮುಳುಗಿದರೆ ನಿನ್ನ ಮಡಕೆ ಈಜಿಕೊಂಡು ಸಂತೆಗೆ ಹೋಗ್ತವಾ ತಾಯಿ?”

“ಇದಕ್ಕೆ ನನ್ನ ಹೆಬ್ಬೆಟ್ಟು ಬೀಳಲ್ಲ.”

ಸುಧನ್ವ ಗುರುಗಳ ಕಡೆ ನೋಡಿದ.

ಗುರುಗಳು ಅವನ ಎರಡು ಪ್ರಶ್ನಾವಳಿಗಳನ್ನೂ ತೆಗೆದು, ಅದಲುಬದಲು ಮಾಡಿ ಕೈಗಿಟ್ಟರು.

“ಇವನ ಪ್ರಶ್ನೆ ಅವಳಿಗೆ ಕೇಳು. ಅವಳದು ಇವನಿಗೆ.”

“ಮಡಕೆಯ ವಿಷಯ ಅಂಬಿಗನಿಗೇನು ಗೊತ್ತು, ಗುರುಗಳೇ?”

“ಕೇಳು.”

ಸುಧನ್ವ ಹೊನ್ನಮ್ಮನ ಕಡೆ ತಿರುಗಿದ. “ಸುಳಿಗೆ ಸಿಕ್ಕರೆ ಏನು ಮಾಡುತ್ತೀರಿ?”

“ನನ್ನ ಕೇಳ್ತೀಯಲ್ಲಪ್ಪಾ! ನಾನೇನು ಹುಟ್ಟು ಹಾಕ್ತೀನಾ?”

“ದೋಣಿಯಲ್ಲಿ ನಿಂತಿದ್ದೀಯ ಅಂದುಕೋ, ತಾಯಿ” ಎಂದರು ಗುರುಗಳು.

ಅವಳು ಹೊಳೆ ನೋಡಿದಳು. ನಡುವೆ ಕೆಂಪು ನೀರು ಗಿರಗಿರನೆ ಸುತ್ತುತ್ತಿತ್ತು.

“ಎಸೀತಿದ್ದೆ” ಎಂದಳು ಮೆಲ್ಲಗೆ. “ಮನೇಲಿ ಮಕ್ಕಳು ಕಾಯ್ತಿರ್ತಾರಲ್ಲ.”

ಮಾದಯ್ಯ ತಲೆ ತಗ್ಗಿಸಿದ.

ಸುಧನ್ವ ಅವನನ್ನು ಕೇಳಿದ: “ಮಡಕೆಗಳನ್ನು ಹೇಗೆ ಸಾಗಿಸಬೇಕು?”

ಮಾದಯ್ಯ ಒಂದು ಮಡಕೆ ಎತ್ತಿಕೊಂಡ. ಬೆರಳ ಗಿಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳಿದ. ಆಮೇಲೆ ಅದನ್ನು ಕೆಳಗಿಡಲಿಲ್ಲ.

“ಬಾಯಿಗೆ ಎಣ್ಣೆಬಟ್ಟೆ ಬಿಗಿದು ಎಲ್ಲಾನೂ ಮೀನಿನ ಬಲೆಯೊಳಗೆ ಕಟ್ಟಬೇಕು. ಸುಳಿ ಬಂದರೆ ಬಲೇನೇ ನೀರಿಗೆ ಬಿಟ್ಟು ಹಗ್ಗದಲ್ಲಿ ಎಳೀತೀನಿ.”

“ನೋಡಿದ್ಯಾ ಅಣ್ಣ, ಈಜ್ತವೆ!” ಹೊನ್ನಮ್ಮ ನಕ್ಕುಬಿಟ್ಟಳು.

ಸುಧನ್ವ ಕೈಯಲ್ಲಿದ್ದ ಪ್ರಶ್ನಾವಳಿಗಳನ್ನು ಮತ್ತೆ ನೋಡಿದ. ಅವೇ ಪ್ರಶ್ನೆಗಳು. ಅವರೇ ಇಬ್ಬರು.

ಕರಾರು ಹೊಸದಾಗಿ ಬರೆದ. ಇಬ್ಬರೂ ಹೆಬ್ಬೆಟ್ಟು ಒತ್ತಿದರು. ದೋಣಿ ಹೊರಟಿತು. ನಡು ಹೊಳೆಯಲ್ಲಿ ಅದು ವಾಲಿದ್ದನ್ನು, ಬಲೆ ನೀರಿಗಿಳಿದದ್ದನ್ನು ಅವನು ದಡದಿಂದ ನೋಡಿದ. ಬೇಸಿಗೆಯ ಮಡಕೆಗಳೆಲ್ಲ ಬಾತುಕೋಳಿಗಳ ಹಾಗೆ ದೋಣಿಯ ಹಿಂದೆ ತೇಲುತ್ತಾ ಆಚೆ ದಡ ಸೇರಿದವು.

ಸುಧನ್ವ ಗುರುಗಳ ಕಾಲಿಗೆ ಬಿದ್ದ.

“ಇನ್ನು ಮೇಲೆ ಪ್ರಶ್ನೆಗಳನ್ನು ಹೀಗೆ ಅದಲುಬದಲು ಮಾಡಿಯೂ ಕೇಳುತ್ತೇನೆ. ಆಗ ಕೇಳಬೇಕಾದ್ದೆಲ್ಲ ಕೇಳಿದಂತಾಗುತ್ತದಲ್ಲವೇ, ಗುರುಗಳೇ?”

ಗುರುಗಳು ಇನ್ನೂ ಹೊಳೆಯನ್ನೇ ನೋಡುತ್ತಿದ್ದರು.

“ಹಾಗೇ ಕೇಳು, ಮಗು. ಆದರೂ ಕೊನೆಯಲ್ಲಿ ಒಂದು ಸಾಲು ಖಾಲಿ ಬಿಟ್ಟಿರು, ನಿನಗೆ ಹೊಳೆಯದ ಪ್ರಶ್ನೆಗೆ.”