ಮೇಡಮ್ಮನ ಮಾತಿನ ತವರು

“ಕೇಳಿರಯ್ಯಾ ಕಡಲಗುಂದಿಯ ಪ್ರಜೆಗಳೇ. ರಾಜಕುಮಾರಿ ಲಕುಮಾದೇವಿಯವರು ಮೂರು ಒಗಟು ಹಾಕುತ್ತಾರೆ. ಬಿಡಿಸಿದವನಿಗೆ ಅರ್ಧ ರಾಜ್ಯ ಕೊಟ್ಟು ಮದುವೆ. ಬಿಡಿಸಲಾರದೆ ಸೋತವನಿಗೆ ಅಂದೇ ಸಂಜೆ ತಲೆದಂಡ.”

ಡಂಗುರ ಊರೂರು ಸುತ್ತಿತು. ಅರ್ಧ ರಾಜ್ಯವೆಂದರೆ ಅಂಥಾ ದೊಡ್ಡದೇನಲ್ಲ, ಇಡೀ ಕಡಲಗುಂದಿಯೇ ಒಂದು ಹೊತ್ತಿನ ನಡಿಗೆಗೆ ಮುಗಿದುಹೋಗುತ್ತಿತ್ತು. ಆದರೆ ತಲೆ ಮಾತ್ರ ಪೂರ್ತಿ ಹೋಗುತ್ತಿತ್ತು. ಆದರೂ ಗಂಡುಗಳು ಬಂದೇ ಬಂದರು.

ಅವರನ್ನೆಲ್ಲ ಹೊಳೆ ದಾಟಿಸುತ್ತಿದ್ದವನು ಕಡವಿನ ಅಂಬಿಗ ಜಟ್ಟು. ಒಗಟಿನ ಗೊಡವೆ ಅವನಿಗೆ ಬೇಕಿರಲಿಲ್ಲ. ಒಂದು ದಿನ ಮಂಜಯ್ಯನೆಂಬವನು ಬಂದ. ಬಂದರಿನಲ್ಲಿ ಇಂಗ್ಲಿಷ್ ವರ್ತಕರ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳುವ ದುಬಾಷಿ ಅವನು. ಹೊಳೆಯಲ್ಲಿ ಉಬ್ಬರವಿತ್ತು. ಅದು ಇಳಿಯುವ ತನಕ ಜಟ್ಟುವಿನ ಮನೆಯಲ್ಲೇ ಕೂತು ಗಂಜಿ ಉಂಡ, ಬಂದರಿನ ಕತೆ ಹೇಳಿ ಜಟ್ಟುವಿನ ತಾಯಿ ಮಾಸ್ತಮ್ಮನನ್ನು ನಗಿಸಿದ. ಮಾರನೆಯ ದಿನ ಮಧ್ಯಾಹ್ನಕ್ಕೆ ಸುದ್ದಿ ಬಂತು: ಮಂಜಯ್ಯ ಸೋತನಂತೆ.

“ನಮ್ಮನೇಲಿ ಉಂಡವ ಅವ,” ಎಂದಳು ಮಾಸ್ತಮ್ಮ. “ಸುಮ್ನೆ ಕೂತರೆ ಹ್ಯಾಗೆ ಮಗಾ?”

ಜಟ್ಟು ಹುಟ್ಟು ಇಳಿಸಿ ಅರಮನೆಯ ದಾರಿ ಹಿಡಿದ. ಹೋಗಿ ಏನು ಮಾಡುತ್ತೇನೆಂದು ಅವನಿಗೇ ಗೊತ್ತಿರಲಿಲ್ಲ.

ರಾಜನ ಓಲಗದಲ್ಲಿ ಮಂಜಯ್ಯನನ್ನು ಕಂಬಕ್ಕೆ ಕಟ್ಟಿದ್ದರು. ಜವಳಿ ವ್ಯಾಪಾರಿಯ ಮಗ ನಾಗರಸ ರೇಷ್ಮೆ ಉಟ್ಟು ರಾಜಕುಮಾರಿಯ ಮುಂದೆ ನಿಂತಿದ್ದ.

“ನನ್ನನ್ನು ಸಾಕಿ ಓದಿಸಿದ್ದು ಇಂಗ್ಲಿಷ್ ಮೇಡಮ್ಮ,” ಎಂದಳು ಲಕುಮಾದೇವಿ. “ಗಂಡನನ್ನು ಕಡಲು ನುಂಗಿದ ಮೇಲೆ ಇಲ್ಲೇ ಉಳಿದವಳು, ಹೋದ ವರ್ಷ ಇಲ್ಲೇ ಮಣ್ಣಾದಳು. ಅವಳು ಬಿಟ್ಟುಹೋದ ಒಗಟುಗಳು ಇವು. ಆಚೆ ಸಾವು, ಈಚೆ ನಾವು, ನಡುವೆ ಬೆರಳಷ್ಟು ದಪ್ಪದ ಕಾವಲು. ಅದೇನು?”

“ಕೋಟೆಗೋಡೆ,” ಎಂದ ನಾಗರಸ.

“ಹಸಿದವರೆಲ್ಲ ಸುತ್ತ ಕೂತರೆ ಮೈಮೇಲೆ ಅನ್ನ ಹೊರುತ್ತದೆ, ತಾನು ಒಂದಗುಳೂ ತಿನ್ನುವುದಿಲ್ಲ. ಅದೇನು?”

“ಬಾಳೆಲೆ.”

“ಬಾಯಿಲ್ಲ, ಕಿರೀಟವಿಲ್ಲ. ಅದರ ಸುತ್ತ ಕೂತವರು ಹೇಳಿದ್ದೇ ಊರಿಗೆ ಕಟ್ಟಳೆ. ಅದೇನು?”

“ಸಿಂಹಾಸನ,” ಎಂದು ನಾಗರಸ ಆಗಲೇ ಅರ್ಧ ರಾಜ್ಯ ಸಿಕ್ಕವನಂತೆ ಮೀಸೆ ತಿರುವಿದ.

“ಸಿಂಹಾಸನದ ಸುತ್ತ ಯಾರೂ ಕೂರುವುದಿಲ್ಲ, ನಿಲ್ಲುತ್ತಾರೆ,” ಎಂದಳು ರಾಜಕುಮಾರಿ. “ಮೂರಕ್ಕೂ ಉತ್ತರ ಒಂದೇ. ಮೇಡಮ್ಮನ ಭಾಷೆಯಲ್ಲಿ ಮೂರಕ್ಕೂ ಒಂದೇ ಮಾತು. ಅದು ‘ಬೋರ್ಡು’ ಎಂದು ಮಂಜಯ್ಯನವರು ಹೇಳಿದರು. ಆದರೆ ಆ ಮಾತಿನ ತವರು ಯಾವುದು, ಒಂದೇ ಹೆಸರು ಮೂರಕ್ಕೂ ಹೇಗೆ ಬಂತು ಎಂದು ಕೇಳಿದ್ದಕ್ಕೆ ಸೋತರು.”

ನಾಗರಸನನ್ನೂ ಕಂಬಕ್ಕೆ ಕಟ್ಟಿದರು. ಜಟ್ಟುವಿಗೆ ಮಾತ್ರ ಆ ಒಗಟು ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ. ಸತ್ತುಹೋದ ಅಪ್ಪ ಕಣ್ಣಿಗೆ ಕಟ್ಟಿದ್ದ. ಅವನು ಮುಂದೆ ಬಂದ.

“ನಂಗೆ ಆ ಭಾಷೆ ಬತ್ತಿಲ್ಲ ತಾಯಿ. ಮಾತು ಮಂಜಯ್ಯನೋರೇ ಹೇಳಿ ಆಯ್ತು. ಅದರ ತವರು ಹಲಗೆ ಇರ್ಬೇಕು.”

ಸಭೆ ನಕ್ಕಿತು. ರಾಜಕುಮಾರಿ ನಗಲಿಲ್ಲ.

“ದೋಣಿ ಮೈಗೆ ಹೊಡೆದ ಹಲಗೆ ಬೆರಳಷ್ಟೇ ದಪ್ಪ. ಆಚೆ ಕಡಲು, ಈಚೆ ನಾವು. ದೋಣಿ ಮುದಿಯಾದ್ರೆ ಒಡೀತೇವೆ, ಆದ್ರೆ ಆ ಹಲಗೆ ಒಲೆಗೆ ಹಾಕೂದಿಲ್ಲ. ಅಷ್ಟು ವರ್ಷ ಜೀವ ಕಾದದ್ದಲ್ವಾ? ಮನೆಗೆ ತಂದು ಎರಡು ಕಲ್ಲಿನ ಮೇಲೆ ಇಡ್ತೇವೆ. ಅದ್ರ ಮೇಲೇ ಊಟ. ಅಪ್ಪ ಇದ್ದಾಗ ಕೇರಿಯೋರೆಲ್ಲ ಸುತ್ತ ಕೂರೋರು, ಕೈಗೆ ಕೈ ತಾಗೋದು. ಈಗ ಅವ್ವ, ನಾನು, ಇಬ್ರೇ. ಕೇರೀಲಿ ಜಗಳ ಆದ್ರೂ ಹಿರಿಯರು ಆ ಹಲಗೆ ಸುತ್ತಲೇ ಕೂತು ಬಗೆಹರಿಸೋರು. ಮೇಡಮ್ಮನ ಊರಲ್ಲೂ ಹೀಗೇ ಏನೋ. ಒಂದು ಹಲಗೆ ಏನೇನು ಕೆಲಸ ಮಾಡ್ತೋ, ಅದ್ಕೆಲ್ಲ ಅದ್ರ ಹೆಸರೇ ನಿಂತಿರ್ಬೇಕು.”

ಲಕುಮಾದೇವಿ ಕಣ್ಣೊರೆಸಿಕೊಂಡಳು. “ಅವಳೂ ಹೀಗೇ ಹೇಳಿದ್ದಳು. ಹಡಗಿನ ಮೈಗೂ ಬೋರ್ಡು, ಊಟದ ಮೇಜಿಗೂ ಬೋರ್ಡು, ಹಿರಿಯರ ಕೂಟಕ್ಕೂ ಬೋರ್ಡು, ಎಲ್ಲದರ ಬುಡದಲ್ಲಿ ಒಂದು ಹಲಗೆ. ಹೇಳುವಾಗೆಲ್ಲ ಅಳುತ್ತಿದ್ದಳು. ಮನೆಯನ್ನು ನೆನೆಯಬಲ್ಲವನು ಮಾತ್ರ ಇದನ್ನು ಬಿಡಿಸುತ್ತಾನೆ, ಅವನನ್ನೇ ಮದುವೆಯಾಗು ಎಂದಿದ್ದಳು.”

ರಾಜನಿಗೆ ಅಳಿಯ ಅಂಬಿಗನೆಂಬುದು ಸ್ವಲ್ಪ ಕಹಿಯೇ ಆಯಿತು, ಆದರೂ ಉಗುಳು ನುಂಗಿ, “ಅರ್ಧ ರಾಜ್ಯ ನಿನ್ನದು,” ಎಂದ.

“ನಂಗೆ ಈ ಇಬ್ಬರ ತಲೆ ಉಳಿದ್ರೆ ಸಾಕು, ಒಡೆಯಾ.”

“ಆಡಿದ ತೀರ್ಪು ಹಿಂದೆ ಬರುವುದಿಲ್ಲ.”

“ಉಣ್ಣದೆ ತೀರ್ಪು ಕೊಟ್ರೆ ನಮ್ಮಲ್ಲಿ ಅದು ತೀರ್ಪೇ ಅಲ್ಲ. ಜಗಳ ಆಡ್ದೋರು, ಬಗೆಹರಿಸೋರು, ಎಲ್ಲರೂ ಮೊದ್ಲು ಒಂದೇ ಹಲಗೇಲಿ ಉಣ್ಬೇಕು.”

“ನಾನೂ ಬರುತ್ತೇನೆ. ಉಂಡು ಬಂದು ತೀರ್ಪು ಕೊಡಿ ಅಪ್ಪಾಜಿ,” ಎಂದಳು ಲಕುಮಾದೇವಿ.

ಮಗಳ ಹಟ ರಾಜನಿಗೆ ಗೊತ್ತಿತ್ತು. ಇಬ್ಬರನ್ನೂ ಕಂಬದಿಂದ ಬಿಚ್ಚಿಸಿಕೊಂಡು ಎಲ್ಲರೂ ಹೊಳೆ ದಾಟಿ ಜಟ್ಟುವಿನ ಮನೆಗೆ ಬಂದರು, ಹಿಂದೆ ಕತ್ತಿ ಹಿಡಿದ ತಳವಾರ. ಮಾಸ್ತಮ್ಮ ಯಾರೆಂದೂ ಕೇಳಲಿಲ್ಲ, ಕುಚ್ಚಲಕ್ಕಿ ಗಂಜಿ ಬಡಿಸಿದಳು. ಹಲಗೆಯ ಸುತ್ತ ಜಾಗ ಸಾಲದೆ ರಾಜ ಮಂಜಯ್ಯನ ಭುಜಕ್ಕೆ ಭುಜ ತಾಗಿಸಿ ಕೂತ. ಉಪ್ಪಿನಕಾಯಿ ದೂರವಿತ್ತು. ಮಂಜಯ್ಯ ಅದನ್ನು ರಾಜನತ್ತ ಸರಿಸಿದ. ನಾಗರಸ ಅಳುತ್ತಲೇ ಉಂಡ. ಅವನ ತಟ್ಟೆ ಬರಿದಾದದ್ದು ನೋಡಿ, “ಈ ಹುಡುಗನಿಗೆ ಇನ್ನೊಂದು ಸೌಟು ಹಾಕಮ್ಮ,” ಎಂದು ರಾಜನ ಬಾಯಿಂದ ತಾನಾಗಿ ಬಂತು.

ಹೊತ್ತು ಮುಳುಗುತ್ತಿತ್ತು. ತಳವಾರ ಬಾಗಿಲಲ್ಲಿ ಕೆಮ್ಮಿದ. “ಅಪ್ಪಣೆ ಆಗ್ಬೇಕು ಬುದ್ಧೀ.”

ರಾಜ ಇಬ್ಬರ ಮುಖವನ್ನೂ ನೋಡಿದ. ಆಮೇಲೆ ತಳವಾರನಿಗೆ, “ಕತ್ತಿ ಹೊರಗಿಟ್ಟು ಕೈ ತೊಳೆದು ಬಾ, ನೀನೂ ಉಣ್ಣು,” ಎಂದು ತುಸು ಸರಿದು ಕೂತು ಪಕ್ಕದಲ್ಲಿ ಜಾಗ ಮಾಡಿಕೊಟ್ಟ.