ಕೈಗುಣ ಕೆಟ್ಟ ಡ್ರೈವರು

"ಗುರುಗಳೇ, ತಪ್ಪು ನನ್ನದಲ್ಲ ಅಂತ ನನಗೆ ಗೊತ್ತು. ಆದರೂ ಎಲ್ಲರ ಮುಂದೆ ತಪ್ಪಾಯಿತು ಅಂದುಬಿಟ್ಟರೆ ಜಗಳ ಮುಗಿಯುತ್ತದೆ. ಅದೂ ವಿನಯವೇ ಅಲ್ಲವೇ?"

ಹೀಗೆ ಕೇಳಿದವನು ಕೊಟ್ರಯ್ಯ. ಮಠದಲ್ಲಿ ಹಾಲು ಕಾಯಿಸುವ ಕೆಲಸ ಅವನದು. ಕೆಲವು ದಿನಗಳಿಂದ ಅವನು ಒಲೆಯ ಮೇಲಿಟ್ಟ ಹಾಲೆಲ್ಲ ಒಡೆಯುತ್ತಿತ್ತು. ಪಾತ್ರೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದ್ದಾಯಿತು, ಒಲೆ ಬದಲಿಸಿದ್ದಾಯಿತು, ಹಾಲು ಒಡೆಯುವುದು ನಿಲ್ಲಲಿಲ್ಲ. ಇವನ ಕೈಗುಣವೇ ಕೆಟ್ಟಿದೆ ಎಂದು ಮಠದ ಹಿರಿಯರು ತೀರ್ಮಾನಿಸಿದರು. ಸಭೆಯಲ್ಲಿ ಅಡ್ಡಬಿದ್ದು ಒಪ್ಪಿಕೊಂಡರೆ ಇರಬಹುದು, ಇಲ್ಲವಾದರೆ ಗಂಟು ಕಟ್ಟಬಹುದು ಎಂದು ಹೇಳಿ ಕಳಿಸಿದ್ದರು.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡರು. ಉತ್ತರದ ಬದಲು ಒಂದು ಕತೆ ಹೇಳಿದರು.

ಒಬ್ಬ ಸಾಹುಕಾರ. ಅವನಿಗೊಂದು ಲಾರಿ. ನೋಡಲು ಗಟ್ಟಿಮುಟ್ಟು, ಎಂಜಿನ್ನು ಗುಂಡುಕಲ್ಲು. ಆದರೆ ಆ ಲಾರಿಗೆ ಬಂದ ಡ್ರೈವರು ಯಾರೂ ನಿಲ್ಲುತ್ತಿರಲಿಲ್ಲ. ಗೇರು ಹಾಕಲು ಹೋದರೆ ಸಾಕು, ಒಳಗಿಂದ ಕರಕರ ಎಂದು ಹಲ್ಲು ಕಡಿಯುವ ಸದ್ದು ಬರುತ್ತಿತ್ತು. ಸಾಹುಕಾರ ಮೆಕ್ಯಾನಿಕ್ಕನ್ನು ಕರೆಸುತ್ತಿದ್ದ. ಮೆಕ್ಯಾನಿಕ್ಕು ಲಾರಿಯ ಅಡಿಗೆ ತೂರಿ ಗೇರುಪೆಟ್ಟಿಗೆ ಬಿಚ್ಚಿದರೆ ಒಳಗೆ ಹಲ್ಲುಗಳು ತಿಂದುಹೋಗಿರುತ್ತಿದ್ದವು. ಹೊಸದು ಕೂರಿಸಿ, ಡ್ರೈವರ ಕೈ ಒರಟು ಎಂದು ಹೇಳಿ ಎದ್ದು ಹೋಗುತ್ತಿದ್ದ. ಡ್ರೈವರು ಸಾಹುಕಾರನ ಕಾಲಿಗೆ ಬಿದ್ದು ತಪ್ಪಾಯಿತು ಎನ್ನುತ್ತಿದ್ದ. ಸ್ವಲ್ಪ ದಿನಕ್ಕೆ ಗೇರು ಮತ್ತೆ ಕಿರುಚುತ್ತಿತ್ತು. ಆಗ ಅವನು ಮುಖ ಮರೆಸಿಕೊಂಡು ಬೇರೆ ಊರಿನ ದಾರಿ ಹಿಡಿಯುತ್ತಿದ್ದ. ಇನ್ನೊಬ್ಬ ಬರುತ್ತಿದ್ದ. ಅವನ ಕತೆಯೂ ಅಷ್ಟೇ.

ಹೀಗಿರುವಾಗ ಒಬ್ಬ ಹೊಸ ಡ್ರೈವರು ಬಂದ. ಘಟ್ಟದ ತಿರುವುಗಳಲ್ಲಿ ಭಾರದ ಗಾಡಿ ಇಳಿಸಿ ಪಳಗಿದವನು. ಯಾರಿಂದಲೂ ಒಂದು ಮಾತು ಅನ್ನಿಸಿಕೊಂಡವನಲ್ಲ. ಅವನ ಕೈಯಲ್ಲೂ ಗೇರು ಕಿರುಚಿತು. ಲಾರಿ ಸ್ಟ್ಯಾಂಡಿನವರಿಗೆ ಹೊತ್ತು ಹೋಗಲು ಒಂದು ದಾರಿಯಾಯಿತು. ನಿನ್ನ ಗಾಡಿಗೆ ಹಾರನ್ನು ಯಾಕಣ್ಣ, ಗೇರು ಹಾಕಿದರೆ ಸಾಲದೆ ಎಂದ ಒಬ್ಬ. ಮನೆಯಲ್ಲಿ ರೊಟ್ಟಿ ಮುರಿಯುವಾಗಲೂ ಹೀಗೇ ಸದ್ದು ಬರುತ್ತದಾ ಎಂದ ಇನ್ನೊಬ್ಬ. ಡ್ರೈವರೂ ಜೊತೆಗೆ ನಗುತ್ತಿದ್ದ. ಒಬ್ಬನೇ ಇದ್ದಾಗ ಮಾತ್ರ ಅಂಗೈ ಬಿಡಿಸಿ ನೋಡಿಕೊಳ್ಳುತ್ತಿದ್ದ. ಇಷ್ಟು ವರ್ಷ ಅನ್ನ ಕೊಟ್ಟ ಕೈ ಒಂದೇ ಸಲ ಕೆಟ್ಟುಹೋಗುತ್ತದೆಯೇ ಎಂದು ಅದನ್ನೇ ಕೇಳುತ್ತಿದ್ದ.

ಒಂದು ದಿನ ಸಾಹುಕಾರ ಸ್ಟ್ಯಾಂಡಿಗೇ ಬಂದ. ಎಲ್ಲರೂ ಸುತ್ತ ಸೇರಿದರು.

"ನೋಡಪ್ಪಾ, ನೀನು ಒಳ್ಳೆಯ ಮನುಷ್ಯ. ಕೈ ಮಾತ್ರ ಸರಿಯಿಲ್ಲ. ಇವರೆಲ್ಲರ ಮುಂದೆ ಒಪ್ಪಿಕೊಂಡು ಅಡ್ಡಬೀಳು, ನಿನ್ನನ್ನೇ ಇಟ್ಟುಕೊಳ್ಳುತ್ತೇನೆ."

ಡ್ರೈವರಿಗೆ ಎರಡೂ ತಿಳಿದಿತ್ತು. ಅಡ್ಡಬಿದ್ದರೆ ಸೀಟು ಉಳಿಯುತ್ತದೆ, ಮನೆಯ ಒಲೆ ಉರಿಯುತ್ತದೆ. ಬೀಳದಿದ್ದರೆ ಗೇರು ಮುರಿಯುವವನು ಎಂಬ ಹೆಸರು ಹೊತ್ತು ಹೊರಡಬೇಕು. ಆ ಹೆಸರು ಹೊತ್ತವನ ಕೈಗೆ ಯಾವ ಮಾಲೀಕನೂ ಸ್ಟಿಯರಿಂಗ್ ಕೊಡುವುದಿಲ್ಲ. ತಪ್ಪಾಯಿತು ಎಂಬ ಮಾತು ನಾಲಿಗೆಯ ತುದಿಗೆ ಬಂದೂ ಬಂತು. ಅವನು ಅದನ್ನು ನುಂಗಿಕೊಂಡ.

"ಸಾವ್ಕಾರ್ರೆ, ತಪ್ಪು ಈ ಕೈಯದೇ ಆದರೆ ಇದೇ ಕೈಯಿಂದ ಕೆನ್ನೆ ಬಡಿದುಕೊಳ್ಳುತ್ತೇನೆ. ಮೊದಲು ಲಾರಿ ಏನು ಹೇಳುತ್ತದೆ ಕೇಳೋಣ."

ಹೇಳಿದವನೇ ಚಪ್ಪಲಿ ಕೆಳಗೆ ಬಿಟ್ಟು ಹತ್ತಿದ. ಲಾರಿಯೊಳಗೆ ಅವನು ಚಪ್ಪಲಿ ಮೆಟ್ಟುತ್ತಿರಲಿಲ್ಲ. ಎಂಜಿನ್ನು ಆಫ್ ಆಗಿತ್ತು. ಹಾಗೇ ಗೇರು ಹಾಕಿ ತೋರಿಸಿದ. ಮೊದಲನೆಯದರಿಂದ ಹಿಡಿದು ರಿವರ್ಸಿನವರೆಗೆ ಪ್ರತಿಯೊಂದೂ ಬೆಣ್ಣೆಯೊಳಗೆ ಬೆರಳು ಇಳಿದಂತೆ ಇಳಿಯಿತು. ಅದೇ ಗೇರು, ಅದೇ ಕೈ. ನಗುತ್ತಿದ್ದವರಲ್ಲಿ ಕೆಲವರು ನಗು ನಿಲ್ಲಿಸಿದರು.

ಆಮೇಲೆ ಎಂಜಿನ್ನು ಚಾಲೂ ಮಾಡಿದ. ಕ್ಲಚ್ಚನ್ನು ಪೂರ್ತಿ ತುಳಿದ. ಗೇರು ಕಿರುಚಿಕೊಂಡೇ ಒಳಗೆ ಹೋಯಿತು. ತುಳಿದ ಕಾಲನ್ನು ಎತ್ತದೆ ಚಕ್ರ ನೋಡಿ ಎಂದ. ಕ್ಲಚ್ಚು ತುಳಿದರೆ ಎಂಜಿನ್ನಿಗೂ ಚಕ್ರಕ್ಕೂ ಇರುವ ನಂಟು ಬಿಡಬೇಕು, ಸಮನೆಲದಲ್ಲಿ ಲಾರಿ ನಿಂತಲ್ಲೇ ನಿಲ್ಲಬೇಕು. ಆದರೆ ಆ ಲಾರಿ, ಹಗ್ಗ ಹಿಡಿದು ಎಳೆದ ಎಮ್ಮೆಯಂತೆ, ಇಷ್ಟಿಷ್ಟೇ ಮುಂದಕ್ಕೆ ಸರಿಯಿತು. ಮುಂದೆ ನಿಂತಿದ್ದ ಸಾಹುಕಾರ ಪಂಚೆ ಎತ್ತಿಕೊಂಡು ಪಕ್ಕಕ್ಕೆ ಹಾರಿದ. ಆಗ ಡ್ರೈವರಿಗೆ ಅರ್ಥವಾಯಿತು. ತಾನು ತುಳಿಯುತ್ತಿದ್ದೇನೆ, ಕ್ಲಚ್ಚು ಬಿಡುತ್ತಿಲ್ಲ. ತಿರುಗುತ್ತಿರುವ ಹಲ್ಲಿಗೆ ಹಲ್ಲು ಕೂರಿಸಲು ಹೋದರೆ ದೇವರ ಕೈಯಾದರೂ ಸದ್ದು ಬಂದೇ ಬರುತ್ತದೆ.

ಯಾಕೆ ಬಿಡುತ್ತಿಲ್ಲ? ಅವನು ಎಂಜಿನ್ನು ನಿಲ್ಲಿಸಿ ಮತ್ತೆ ತುಳಿದ. ಈ ಸಲ ಕಣ್ಣು ಮುಚ್ಚಿ, ಅಂಗಾಲಿನಲ್ಲೇ ನೋಡಿದಂತೆ ನಿಧಾನವಾಗಿ ತುಳಿದ. ಪೆಡಲು ಕೊನೆಗೆ ಹೋಗಿ ನೆಲದ ತಗಡಿಗೆ ತಾಗಬೇಕಿತ್ತು. ಮೆತ್ತಗಿನದಕ್ಕೆ ತಾಗಿ ನಿಂತಿತು. ಬಗ್ಗಿ ನೋಡಿದ. ಅಲ್ಲಿತ್ತು ನಾರಿನ ಮ್ಯಾಟು.

ಸಾಹುಕಾರ ಪ್ರತಿ ವರ್ಷ ಆಯುಧಪೂಜೆಗೆ ಲಾರಿಗೆ ಹಾರ ಹಾಕಿ, ಕುಂಬಳಕಾಯಿ ಒಡೆದು, ಡ್ರೈವರ ಕಾಲಡಿಗೆ ಹೊಸ ಮ್ಯಾಟು ಹಾಸುತ್ತಿದ್ದ. ಹಳೆಯದನ್ನು ತೆಗೆಯುತ್ತಿರಲಿಲ್ಲ. ಕುಂಕುಮ ಬಿದ್ದದ್ದನ್ನು ಎತ್ತಬಾರದು ಎಂಬುದು ಅವನ ಮನೆತನದ ಪದ್ಧತಿ. ಹೀಗೆ ಮ್ಯಾಟಿನ ಮೇಲೆ ಮ್ಯಾಟು ಸೇರಿ, ಮಣ್ಣು ಎಣ್ಣೆ ಕುಡಿದು, ಹಾಸಿಗೆಯಷ್ಟು ದಪ್ಪವಾಗಿತ್ತು. ಪೆಡಲಿಗೆ ಕೊನೆಯ ಆ ಸ್ವಲ್ಪ ದಾರಿ ಇರಲೇ ಇಲ್ಲ. ಮೆಕ್ಯಾನಿಕ್ಕು ಲಾರಿಯ ಅಡಿಯಲ್ಲಿ ಹುಡುಕಿದ್ದ, ಡ್ರೈವರುಗಳು ತಮ್ಮ ಅಂಗೈಯಲ್ಲಿ ಹುಡುಕಿದ್ದರು. ಪೂಜೆಯಾದ ಜಾಗವನ್ನು ಯಾರೂ ಹುಡುಕಿರಲಿಲ್ಲ.

ಡ್ರೈವರು ಮ್ಯಾಟಿಗೆ ಕೈ ಹಾಕಿದ. ಅದನ್ನು ಮುಟ್ಟಬೇಡ ಎಂದು ಸಾಹುಕಾರ ಗದರಿದ. ಅವನು ಕೇಳಿಸಿಕೊಂಡ, ಕೈ ತೆಗೆಯಲಿಲ್ಲ. ಒಂದೊಂದಾಗಿ ಕಿತ್ತು ಎಲ್ಲರ ಮುಂದೆ ಹಾಕಿದ. ಅಡಿಯವು ಚೂರುಚೂರಾಗಿ ಬಂದವು. ಅದರೊಂದಿಗೆ ಯಾವ ಕಾಲದ್ದೋ ಒಣ ಸೇವಂತಿಗೆ ಉದುರಿತು.

ಎಂಜಿನ್ನು ಚಾಲೂ ಮಾಡಿ ಕ್ಲಚ್ಚು ತುಳಿದ. ಪೆಡಲು ತಗಡಿಗೆ ತಾಗಿದ್ದು ಕಾಲಿಗೆ ಗೊತ್ತಾಯಿತು. ಗೇರು ಹಾಕಿದ. ಸದ್ದೇ ಇಲ್ಲ. ಲಾರಿಯೂ ಕದಲಲಿಲ್ಲ, ಅವನು ಕಾಲು ಎತ್ತುವವರೆಗೆ ಕಾದು ನಿಂತಿತು.

ಸಾಹುಕಾರನ ಮುಖ ಕೆಂಪೇರಿತ್ತು. ಗೇರಿನ ವಿಷಯವನ್ನು ಅವನು ಎತ್ತಲೇ ಇಲ್ಲ. ಪೂಜೆ ಮಾಡಿದ್ದನ್ನು ಕಿತ್ತು ಬಿಸಾಡಿದವನಿಗೆ ನನ್ನ ಲಾರಿಯಲ್ಲಿ ಜಾಗವಿಲ್ಲ ಎಂದ. ಡ್ರೈವರು ಬೇಡಿಕೊಳ್ಳಲಿಲ್ಲ. ಬೀಗದ ಕೈಯನ್ನು ಸೀಟಿನ ಮೇಲಿಟ್ಟು ಇಳಿದ. ಚಪ್ಪಲಿ ಮೆಟ್ಟಿಕೊಂಡು, ಸೇರಿದ್ದವರ ನಡುವೆಯೇ ತಲೆ ಎತ್ತಿ ನಡೆದುಹೋದ.

ಗುರುಗಳು ಕತೆ ನಿಲ್ಲಿಸಿದರು. ಕೊಟ್ರಯ್ಯ ಇನ್ನೂ ಏನೋ ಇದೆಯೆಂದು ಕಾದ. ಇರಲಿಲ್ಲ. ಅವನಿಗೆ ಸಿಟ್ಟೇ ಬಂತು.

"ಅಡ್ಡಬಿದ್ದವರೂ ಕೆಲಸ ಕಳೆದುಕೊಂಡರು, ಬೀಳದ ಇವನೂ ಕಳೆದುಕೊಂಡ. ಹಾಗಾದರೆ ಏನು ವ್ಯತ್ಯಾಸವಾಯಿತು ಗುರುಗಳೇ?"

"ಇವನಾದ ಮೇಲೆ ಬಂದ ಡ್ರೈವರಿಗೆ ಯಾರೂ ಅಡ್ಡಬೀಳು ಅನ್ನಲಿಲ್ಲ, ಕೊಟ್ರಯ್ಯ."